ಮಕ್ಕಳಿಗೆ ಕಲಿಸುವವರಿಗೆ ಕಲಿಸುವವರು ಯಾರು?

(ಬಸವಾಪಟ್ಟಣದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಈ ತಿಂಗಳ ಗೋಷ್ಠಿಗೆ ನನ್ನ ಹೆಸರು ಬರೆದುಕೊಳ್ಳುವಾಗ ಸಂಘಟಕರು, "ಕೆರೆ, ಕಾಲುವೆ ಬಗ್ಗೆ ಮಾತಾಡ್ತೀರಲ್ಲ ಸಾರ್?" ಅಂದರು. "ಇಲ್ಲ, ಅಂಗನವಾಡಿ ಬಗ್ಗೆ ಮಾತಾಡ್ತೀನಿ" ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಇಂಜಿನಿಯರ್ ಆಗಿದ್ದವನಿಗೂ ಮೂರು ವರ್ಷದ ಮಕ್ಕಳಿಗೂ ಏನು ಸಂಬಂಧ ಎಂದು ನಿಮಗೂ ಅನಿಸಬಹುದು. ಸಂಬಂಧ ಇದೆ. ನನ್ನ ಎರಡು ತಪ್ಪುಗಳ ಮೂಲಕ ಬಂದ ಸಂಬಂಧ ಅದು. ಮೊದಲು ಅವೆರಡನ್ನೂ ಹೇಳಿಬಿಡುತ್ತೇನೆ.

ಸೇವೆಯಲ್ಲಿದ್ದಾಗ ಕೆಲವು ಅಂಗನವಾಡಿ ಕಟ್ಟಡಗಳ ಉಸ್ತುವಾರಿ ನನ್ನದಾಗಿತ್ತು. ಒಂದು ಹಳ್ಳಿಯಲ್ಲಿ ಕಟ್ಟಡ ಮುಗಿದು ಅಳತೆ ಪುಸ್ತಕ ಬರೆಯಲು ಹೋಗಿದ್ದೆ. ಅಲ್ಲಿನ ಕಾರ್ಯಕರ್ತೆ, ಸುಮಾರು ನಲವತ್ತರ ಹೆಣ್ಣುಮಗಳು, ಮೆಲ್ಲಗೆ ಬಂದು ಹೇಳಿದರು: "ಸಾರ್, ಒಂದ್ಸಲ ಇಲ್ಲಿ ನೆಲದ ಮೇಲೆ ಕೂತು ನೋಡಿ." ಯಾಕಮ್ಮಾ ಅಂದೆ. "ಕೂತರೆ ಗೊತ್ತಾಗುತ್ತೆ." ಕೂತೆ. ನಾಲ್ಕೂ ಕಡೆ ಗೋಡೆ. ಕಿಟಕಿಯಲ್ಲಿ ಒಂದು ತುಂಡು ಆಕಾಶ. ದೊಡ್ಡವರ ಎದೆಮಟ್ಟಕ್ಕೆ ಕಿಟಕಿ ಇಟ್ಟಿದ್ದೆವು. ಮಕ್ಕಳಿಗೆ ಹೊರಗಿನ ಮರವೂ ಕಾಣದು, ಬರುವ ಅವ್ವನೂ ಕಾಣಳು. ಶೌಚಾಲಯದಲ್ಲಿ ಕೂರಿಸಿದ್ದ ಬೇಸಿನ್ನೂ ದೊಡ್ಡವರ ಅಳತೆಯದೇ. "ನಕ್ಷೆ ಹೀಗೇ ಬಂದಿದೆಯಮ್ಮ" ಎಂದು ಹೇಳಿ ಸಹಿ ಮಾಡಿ ಬಂದೆ.

ವರ್ಷದ ನಂತರ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋದಾಗ ಒಳಗೆ ಹೊಕ್ಕೆ. ಗೋಡೆಯ ಕೆಳಭಾಗಕ್ಕೆ, ಮೂರಡಿ ಎತ್ತರದವರೆಗೆ, ಆಕೆ ಸುತ್ತಲೂ ಕಪ್ಪು ಬಣ್ಣ ಬಳಿಸಿದ್ದರು. ಮಕ್ಕಳು ಸುಣ್ಣದ ಕಡ್ಡಿ ಹಿಡಿದು ಮನೆ, ಎತ್ತು, ಬಸ್ಸು, ಏನೇನೋ ಗೀಚುತ್ತಿದ್ದರು. ಒಬ್ಬ ಹುಡುಗ ಹುಣಸೆ ಬೀಜಗಳನ್ನು ಐದೈದರಂತೆ ಸಾಲಾಗಿ ಜೋಡಿಸುತ್ತಿದ್ದ. ಒಂದು ಮೂಲೆಯಲ್ಲಿ ಹಳೆಯ ಸೀರೆ ಇಳಿಬಿಟ್ಟು 'ಮನೆ' ಮಾಡಿದ್ದರು, ಅದರೊಳಗೆ ಇಬ್ಬರು ಅಡುಗೆ ಆಟ ಆಡುತ್ತಿದ್ದರು. "ಇದೆಲ್ಲ ತರಬೇತೀಲಿ ಹೇಳಿಕೊಟ್ರಾ?" ಎಂದು ಕೇಳಿದೆ. "ತರಬೇತೀಲಿ ಬರೆಸಿದ್ರು ಸಾರ್. ಆದ್ರೆ ಕಲಿತಿದ್ದು ಅಲ್ಲಲ್ಲ. ಮೊದಲು ನಾಲ್ಕು ವರ್ಷ ನಾನು ಸಹಾಯಕಿ ಆಗಿದ್ದೆ. ನಮ್ಮ ಹಳೆ ಟೀಚರಮ್ಮ ಮಾಡೋದನ್ನ ನೋಡ್ತಾ ನೋಡ್ತಾ ಕಲಿತೆ" ಅಂದರು.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಇಲ್ಲಿಗೇ ಬರುತ್ತೇನೆ.

ಎರಡನೆಯದು ಮನೆಯ ವಿಷಯ. ನನ್ನ ಮೊಮ್ಮಗನನ್ನು ಮೂರು ವರ್ಷಕ್ಕೇ ಪಟ್ಟಣದ ಒಂದು ಖಾಸಗಿ ನರ್ಸರಿಗೆ ಸೇರಿಸಿದೆವು. ಫೀಸು ಕಟ್ಟಿದವನು ನಾನೇ. ಬಸ್ಸು ಚೆನ್ನಾಗಿದೆಯೇ ಎಂದು ಕೇಳಿದೆ, ಕಟ್ಟಡದ ಪಿಲ್ಲರ್ ನೋಡಿದೆ, ಸಿಸಿ ಕ್ಯಾಮೆರಾ ಇದೆಯೇ ಎಂದು ವಿಚಾರಿಸಿದೆ. ಮೂರು ತಿಂಗಳಿಗೆ ಹುಡುಗ ರಾತ್ರಿ ಹಾಸಿಗೆ ಒದ್ದೆ ಮಾಡತೊಡಗಿದ. ಪೆನ್ಸಿಲ್ ಕಂಡರೆ ಅಳು. ದಿನಕ್ಕೆ ನಾಲ್ಕು ಪುಟ ಇಂಗ್ಲಿಷ್ ಅಕ್ಷರ ಬರೆಯಬೇಕಿತ್ತು. ಜಗಳ ಮಾಡಬೇಕೆಂದೇ ಹೋದೆ. ಆ ತರಗತಿಯ ಶಿಕ್ಷಕಿ ಹತ್ತೊಂಬತ್ತು ವರ್ಷದ ಹುಡುಗಿ, ಪಿಯುಸಿ ಮುಗಿಸಿ ಆಗಷ್ಟೇ ಸೇರಿದ್ದಳು. ಮೂವತ್ತೈದು ಮಕ್ಕಳು. ನನ್ನ ಮಾತು ಜೋರಾಯಿತು. ಆ ಹುಡುಗಿ ಅಳುತ್ತಾ, "ನನಗೆ ಯಾರೂ ಏನೂ ಹೇಳಿಕೊಟ್ಟಿಲ್ಲ ಸಾರ್. ಪುಸ್ತಕ ಮುಗಿಸು ಅಂದರು, ಮುಗಿಸ್ತಿದ್ದೀನಿ" ಅಂದಳು. ನಾನು ಸುಮ್ಮನಾದೆ. ಪಿಲ್ಲರ್ ವಿಚಾರಿಸಿದ ನಾನು ಒಂದು ಪ್ರಶ್ನೆ ಮಾತ್ರ ಕೇಳಿರಲಿಲ್ಲ. ಈ ಮಕ್ಕಳಿಗೆ ಕಲಿಸುವವರಿಗೆ ಯಾರು ಕಲಿಸಿದ್ದಾರೆ?

ಅದೇ ಈ ದಿನದ ಪ್ರಶ್ನೆ.

ಬಂಧುಗಳೇ, ಕಾಂಕ್ರೀಟ್ ಹಾಕಿದ ಮೊದಲ ವಾರ ನೀರುಣಿಸುವುದನ್ನು ತಪ್ಪಿಸಿದರೆ ಆಮೇಲೆ ಎಷ್ಟು ನೀರು ಹೊಯ್ದರೂ ಆ ಬಲ ಬಾರದು ಎಂದು ಮೇಸ್ತ್ರಿಗಳಿಗೂ ಗೊತ್ತು. ಮಗು ಕಾಂಕ್ರೀಟ್ ಅಲ್ಲ, ತಡವಾದರೂ ಚಿಗುರುವ ಶಕ್ತಿ ಅದಕ್ಕಿದೆ. ಆದರೂ ಮೊದಲ ವರ್ಷಗಳ ತೂಕ ಬೇರೆಯೇ. ಮೆದುಳಿನ ಬೆಳವಣಿಗೆಯ ಶೇ. 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1962ರಲ್ಲಿ ಆರಂಭವಾದ ಪೆರ‍್ರಿ ಶಿಶುಶಾಲೆಯ ಅಧ್ಯಯನ ಪ್ರಸಿದ್ಧವಾದದ್ದು. ಬಡ ಕಪ್ಪು ಕುಟುಂಬಗಳ 123 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಶಿಶುಶಾಲೆ ಒದಗಿಸಿದರು. ನಲವತ್ತು ವರ್ಷ ವಯಸ್ಸಿನವರೆಗೂ ಅವರನ್ನು ಗಮನಿಸುತ್ತಾ ಹೋದರು. ಶಿಶುಶಾಲೆಗೆ ಹೋದವರಲ್ಲಿ ಓದು ಮುಗಿಸಿದವರು ಹೆಚ್ಚು, ದುಡಿಮೆ ಹೆಚ್ಚು, ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದವರು ಕಡಿಮೆ. ಈ ಫಲಿತಾಂಶವನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿನ ಶಿಕ್ಷಕಿಯರು ಪೂರ್ಣ ತರಬೇತಿ ಪಡೆದವರಾಗಿದ್ದರು, ಪ್ರತಿ ವಾರ ಮಗುವಿನ ಮನೆಗೆ ಹೋಗಿ ತಾಯಿಯ ಜೊತೆ ಒಂದೂವರೆ ಗಂಟೆ ಕೂರುತ್ತಿದ್ದರು ಎಂಬುದನ್ನು ಮಾತ್ರ ಹೇಳಲು ಮರೆಯುತ್ತಾರೆ. ಫಲ ಬಂದದ್ದು ಬರೀ ಕಟ್ಟಡದಿಂದಲ್ಲ.

ಇದು ಹೊರಗಿನಿಂದ ಬಂದ ಮಾತು ಎಂದುಕೊಳ್ಳಬೇಡಿ. ನಮ್ಮ ದೇಶದಲ್ಲೇ ಗುಜರಾತಿನ ಗಿಜುಭಾಯಿ ಬಧೇಕಾ ಎಂಬ ವಕೀಲರು ವಕೀಲಿ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಐದೇ ವರ್ಷದಲ್ಲಿ ಅವರಿಗೆ ಗೊತ್ತಾಯಿತು, ಮಕ್ಕಳ ಶಾಲೆ ತೆರೆದರೆ ಸಾಲದು, ಶಿಕ್ಷಕರ ಶಾಲೆಯೂ ಬೇಕು ಎಂದು. 1925ರಲ್ಲಿ ಅಧ್ಯಾಪನ ಮಂದಿರ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಬಂದರು. ಶಿಷ್ಯೆ ಅನುತಾಯಿ ವಾಘ್ ಜೊತೆಯಾದರು. ಬಡವರ ಮಕ್ಕಳು ಶಾಲೆಗೆ ಬಾರದಿದ್ದಾಗ, ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗಳದ ಶಾಲೆಯೇ ಅಂಗನವಾಡಿ. ಮುಂದೆ ಕೋಸಬಾಡ್ ಗುಡ್ಡದಲ್ಲಿ ಆದಿವಾಸಿ ಮಕ್ಕಳ ನಡುವೆ ಇದೇ ಕೆಲಸ ಬೆಳೆಯಿತು. ಎಲೆ, ಕಲ್ಲು, ಬೀಜ, ಮಣ್ಣು ಇವೇ ಪಾಠದ ಸಾಮಗ್ರಿ. ಹಳ್ಳಿಯ ಹೆಣ್ಣುಮಕ್ಕಳನ್ನೇ ಜೊತೆಗಿಟ್ಟುಕೊಂಡು ಕಲಿಸಿದರು. ಮದ್ರಾಸಿಗೆ 1939ರಲ್ಲಿ ಬಂದ ಮರಿಯಾ ಮಾಂಟೆಸ್ಸೋರಿ ಅವರೂ ಇಲ್ಲಿ ಮುಖ್ಯವಾಗಿ ಮಾಡಿದ್ದು ಶಿಕ್ಷಕರ ತರಬೇತಿಯನ್ನೇ. ಈ ಹಿರಿಯರೆಲ್ಲ ಶಾಲೆ ಮತ್ತು ತರಬೇತಿ ಎರಡನ್ನೂ ಒಂದೇ ಗಾಡಿಯ ಎರಡು ಗಾಲಿ ಎಂದು ನೋಡಿದರು.

ಸರ್ಕಾರ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ದೇಶದಲ್ಲಿ ಇದ್ದದ್ದು 33 ಯೋಜನೆಗಳು. ಕರ್ನಾಟಕದ ಮೊದಲನೆಯದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇವತ್ತು ರಾಜ್ಯದಲ್ಲಿ 60 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಒಂದು ಗಾಲಿ ಇಷ್ಟು ದೊಡ್ಡದಾಯಿತು. ಇನ್ನೊಂದು ಗಾಲಿ?

ಒಬ್ಬ ಕಾರ್ಯಕರ್ತೆಗೆ ಏನೇನು ಗೊತ್ತಿರಬೇಕು ಎಂದು ಒಂದು ಉದಾಹರಣೆ ಕೊಡುತ್ತೇನೆ. ಅಳತೆ ನನ್ನ ಕಸುಬು, ಅದನ್ನೇ ಹೇಳುತ್ತೇನೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು. ಎರಡು ದಾಟಿದ ಮಗುವನ್ನು ನಿಲ್ಲಿಸಿ ಎತ್ತರ ಅಳೆಯಬೇಕು. ಅದೇ ಮಗುವಿಗೆ ಈ ಎರಡು ಅಳತೆಗಳ ನಡುವೆ ಸುಮಾರು 0.7 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ತಕ್ಕಡಿ ಸೊನ್ನೆಯಲ್ಲಿ ನಿಂತಿದೆಯೇ ಎಂದು ಮೊದಲು ನೋಡಬೇಕು. ಸ್ವೆಟರ್ ತೆಗೆಸಬೇಕು. ಆರು ತಿಂಗಳಿನಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ, ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಇಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೆ ಒಂದು ಮಗು ಪಟ್ಟಿಯಿಂದ ಹೊರಗುಳಿಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮೂರರಲ್ಲಿ ಒಬ್ಬರು. ಆ ಒಬ್ಬರನ್ನು ಗುರುತಿಸುವ ಟೇಪು ಈ ತಾಯಂದಿರ ಕೈಯಲ್ಲಿದೆ.

ಅಳತೆ ಅವರ ಕೆಲಸದ ಒಂದು ಮೂಲೆ ಮಾತ್ರ. ಅಡಿಕೆ ಸುಲಿಯುವ ಕಾಲದಲ್ಲಿ, ನಾಟಿ ಕಾಲದಲ್ಲಿ ನಮ್ಮ ಚನ್ನಗಿರಿ ಸೀಮೆಯ ತಾಯಂದಿರು ನಸುಕಿಗೇ ಕೆಲಸಕ್ಕೆ ಹೋಗುತ್ತಾರೆ. ಆಮೇಲೆ ಮಗುವಿನ ದಿನ ಅಂಗನವಾಡಿಯದು. ಮಗುವಿನ ಗಂಟಲಲ್ಲಿ ಅಡಿಕೆ ಚೂರೋ ಕಡಲೆಬೀಜವೋ ಸಿಕ್ಕಿ ಉಸಿರು ಕಟ್ಟಿದರೆ ಏನು ಮಾಡಬೇಕು? ವರ್ಷದೊಳಗಿನ ಕೂಸಾದರೆ ತಲೆ ಕೆಳಗೆ ಬರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಐದು ಏಟು, ಆಮೇಲೆ ತಿರುಗಿಸಿ ಎದೆಯ ಮೇಲೆ ಐದು ಒತ್ತು. ದೊಡ್ಡ ಮಗುವಿಗೆ ಬೇರೆ ರೀತಿ, ಬೆನ್ನಿಗೆ ಏಟು ಕೊಟ್ಟ ಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಒಳಕ್ಕೂ ಮೇಲಕ್ಕೂ ಒತ್ತಬೇಕು. ಗಂಟಲಿಗೆ ಕುರುಡಾಗಿ ಬೆರಳು ಹಾಕಬಾರದು. ಇದನ್ನು ಪುಸ್ತಕದಲ್ಲಿ ಓದಿ ಕಲಿಯಲಾಗದು. ಗೊಂಬೆಯ ಮೇಲೆ ಹತ್ತು ಸಲ ಕೈಯಾಡಿಸಿದ್ದರೆ ಮಾತ್ರ ಆ ಒಂದು ನಿಮಿಷದಲ್ಲಿ ಕೈ ನಡುಗುವುದಿಲ್ಲ.

ಇನ್ನು ಕಲಿಸುವ ಕೆಲಸ. ಮೂರು, ನಾಲ್ಕು, ಐದು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ. ಯಾವ ಮಗು ಮಾತಾಡುತ್ತಿಲ್ಲ, ಯಾವುದಕ್ಕೆ ಕಿವಿ ಸರಿಯಾಗಿ ಕೇಳುತ್ತಿಲ್ಲ ಎಂದು ಗಮನಿಸಬೇಕು. ಹಾಡು, ಕಥೆ, ಎಣಿಕೆ, ಓಟ, ಇವುಗಳನ್ನು ದಿನಕ್ಕೆ ಹೊಂದಿಸಬೇಕು. ನಮ್ಮ ರಾಜ್ಯದಲ್ಲಿ 'ಚಿಲಿಪಿಲಿ' ಎಂಬ ಚಟುವಟಿಕೆ ಪುಸ್ತಕ ಇದೆ, ಚೆನ್ನಾಗಿದೆ. ಆದರೆ ಪುಸ್ತಕ ಹಾಡುವುದಿಲ್ಲ, ಹಾಡಬೇಕಾದವರು ಟೀಚರಮ್ಮ. ಇದರ ಜೊತೆಗೆ ಗರ್ಭಿಣಿಯರ ಊಟ, ಲಸಿಕೆ ದಿನ, ಮನೆ ಭೇಟಿ, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬುವುದು, ಮೇಲಿನಿಂದ ಬರುವ ಸಮೀಕ್ಷೆಗಳು. ಇಷ್ಟನ್ನೂ ಮಾಡುವವರಿಗೆ ನಾವು ಕೊಡುವುದಕ್ಕೆ ಸಂಬಳ ಎಂಬ ಹೆಸರೂ ಇಲ್ಲ, 'ಗೌರವಧನ'. ಕೇಂದ್ರ ನಿಗದಿ ಮಾಡಿದ ಮೂಲ ಮೊತ್ತ 2018ರ ಅಕ್ಟೋಬರ್‌ನಿಂದ 4,500 ರೂಪಾಯಿ. ಅದರ ಮೇಲೆ ರಾಜ್ಯ ಸೇರಿಸುತ್ತದೆ. ಇವರಿಗೆ ಗ್ರಾಚ್ಯುಟಿ ಹಕ್ಕಿದೆ ಎಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ತರಬೇತಿಯ ಲೆಕ್ಕ ನೋಡೋಣ. ಕೆಲಸಕ್ಕೆ ಸೇರಿದವರಿಗೆ 26 ದಿನಗಳ ವೃತ್ತಿ ತರಬೇತಿ, ಆಗೊಮ್ಮೆ ಈಗೊಮ್ಮೆ ಐದಾರು ದಿನದ ಪುನಶ್ಚೇತನ, ಇದು ಬಹುಕಾಲ ನಡೆದು ಬಂದ ಪದ್ಧತಿ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 'ಪೋಷಣ್ ಭೀ ಪಢಾಯಿ ಭೀ' ಆರಂಭಿಸಿ ಶಾಲಾಪೂರ್ವ ಶಿಕ್ಷಣಕ್ಕೆಂದೇ ಮೂರು ದಿನಗಳ ತರಬೇತಿ ಸೇರಿಸಿತು. ಒಳ್ಳೆಯ ಹೆಜ್ಜೆ. ಆದರೆ 2020ರ ಶಿಕ್ಷಣ ನೀತಿ ಕೇಳಿದ್ದು ಇದಲ್ಲ. ಪಿಯುಸಿ ಓದಿದ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದು ಅದರಲ್ಲೇ ಬರೆದಿದೆ. ಆರು ತಿಂಗಳೆಲ್ಲಿ, ಮೂರು ದಿನವೆಲ್ಲಿ! ನಾನು ಡಿಗ್ರಿ ಮುಗಿಸಿ ಬಂದ ಮೇಲೂ ನನಗೆ ಒಂದು ಮೋರಿ ಒಬ್ಬನೇ ಕಟ್ಟಲು ಬಿಡಲಿಲ್ಲ. ಎರಡು ವರ್ಷ ಹಿರಿಯರ ಹಿಂದೆ ನಿಂತು ನೋಡಿದೆ, ತಪ್ಪು ಮಾಡಿ ಬೈಸಿಕೊಂಡೆ. ಮೋರಿಗೆ ಇಷ್ಟು ಎಚ್ಚರ. ಮಕ್ಕಳಿಗೆ?

ದಿನಗಳ ಸಂಖ್ಯೆಗಿಂತ ರೀತಿ ಮುಖ್ಯ. ಸಭಾಂಗಣದಲ್ಲಿ ನೂರು ಜನರನ್ನು ಕೂರಿಸಿ ಪರದೆ ತೋರಿಸಿದರೆ ತರಬೇತಿ ಮುಗಿದಂತೆ ಕಡತದಲ್ಲಿ ಬರೆಯಬಹುದು, ಕೈಗೆ ಕಸುಬು ಬಾರದು. ಆ ಹಳ್ಳಿಯ ಕಾರ್ಯಕರ್ತೆ ಹೇಳಿದ ಮಾತು ನೆನಪಿಸಿಕೊಳ್ಳಿ. ನಾಲ್ಕು ವರ್ಷ ಬಲ್ಲವರ ಜೊತೆ ನಿಂತು ಅವರು ಕಲಿತರು. ನೋಡುವುದು, ಮಾಡುವುದು, ಮಾಡಿದ್ದನ್ನು ಬಲ್ಲವರು ನೋಡಿ ತಿದ್ದುವುದು, ಮತ್ತೆ ಮಾಡುವುದು. ಕಮ್ಮಾರ, ಬಡಗಿ, ಇಂಜಿನಿಯರ್, ಡಾಕ್ಟರ್ ಎಲ್ಲರೂ ಕಲಿಯುವುದು ಹೀಗೆಯೇ. ಮಕ್ಕಳ ಕೆಲಸವನ್ನು ಮಾತ್ರ 'ಹೆಂಗಸರಿಗೆ ಹುಟ್ಟಿನಿಂದ ಬರುತ್ತೆ ಬಿಡಿ' ಎಂದು ಬಿಟ್ಟಿದ್ದೇವೆ. ಪ್ರೀತಿ ಹುಟ್ಟಿನಿಂದ ಬರಬಹುದು. ಇಪ್ಪತ್ತೈದು ಮಕ್ಕಳನ್ನು ಏಕಕಾಲಕ್ಕೆ ಬೆಳೆಸುವ ವಿದ್ಯೆ ಕಲಿತೇ ಬರಬೇಕು.

ಇಲ್ಲಿ ನಮ್ಮ ಶರಣರ ದಾರಿ ನೆನಪಾಗುತ್ತದೆ. ಆಯ್ದಕ್ಕಿ ಲಕ್ಕಮ್ಮ, ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ. ಅಕ್ಕಿ ಆಯುವ, ಭತ್ತ ಕುಟ್ಟುವ, ನೂಲು ತೆಗೆಯುವ ಹೆಣ್ಣುಮಕ್ಕಳ ಕೆಲಸ ಅವರ ಹೆಸರಿನ ಮುಂದೆ ಬಿರುದಾಗಿ ನಿಂತಿತು. ಹನ್ನೆರಡನೆಯ ಶತಮಾನದಲ್ಲಿ ಆದ ಆ ಕೆಲಸ ಇವತ್ತು 'ಅಂಗನವಾಡಿಯಮ್ಮ' ಎಂಬ ಮಾತಿಗೆ ನಮ್ಮಿಂದ ಆಗಿದೆಯೇ? ಹಾಗೆ ಕರೆಯುವಾಗ ನಮ್ಮ ದನಿಯಲ್ಲಿ ಗೌರವ ಇರುತ್ತದೆಯೇ? ಇನ್ನೊಂದು ಮಾತು. ಕಾಯಕ ಎಂದರೆ ಮನಸ್ಸಿಟ್ಟು ಮಾಡುವುದಷ್ಟೇ ಅಲ್ಲ, ಬಲ್ಲವರಾಗಿ ಮಾಡುವುದು. ಅಂಬಿಗರ ಚೌಡಯ್ಯನಿಗೆ ಭಕ್ತಿಯೊಂದೇ ಇದ್ದು ಹುಟ್ಟು ಹಾಕಲು ಬಾರದಿದ್ದರೆ ದೋಣಿ ದಡ ಸೇರುತ್ತಿರಲಿಲ್ಲ.

ಹಾಗಾದರೆ ನಾವೇನು ಮಾಡಬಹುದು? "ಇದು ಸರ್ಕಾರದ ಕೆಲಸ" ಎನ್ನುವವರಿದ್ದಾರೆ. ಸರ್ಕಾರ ಆರು ತಿಂಗಳ ತರಬೇತಿಯನ್ನು ಕೊಡಲೇಬೇಕು, ಅದನ್ನು ಕೇಳೋಣ. ಆದರೆ ಕಾಯುತ್ತಾ ಕೂತರೆ ಇವತ್ತಿನ ಮೂರು ವರ್ಷದ ಮಗುವಿಗೆ ಆರು ತುಂಬಿಬಿಡುತ್ತದೆ. ನನ್ನ ನಾಲ್ಕು ಸಲಹೆಗಳನ್ನು ಪೂಜ್ಯರ ಮುಂದೆ ಇಡುತ್ತೇನೆ.

ಒಂದು, ಮಠಗಳು ಪ್ರಾಥಮಿಕ ಶಾಲೆಯಿಂದ ಇಂಜಿನಿಯರಿಂಗ್ ಕಾಲೇಜಿನವರೆಗೆ ಕಟ್ಟಿವೆ. ಪ್ರತಿ ತಾಲ್ಲೂಕಿಗೆ ಒಂದು ಮಾದರಿ ಶಿಶುವಿಹಾರವನ್ನು ಮಠ ನಡೆಸಲಿ. ಹೊಸ ಕಾರ್ಯಕರ್ತೆಯರು, ಸಹಾಯಕಿಯರು, ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗಾಗಿ ಪಂಚಾಯಿತಿಗಳಲ್ಲಿ ತೆರೆದಿರುವ 'ಕೂಸಿನ ಮನೆ'ಗಳ ಆರೈಕೆದಾರರು, ಇಲಾಖೆಯ ಒಪ್ಪಿಗೆ ಪಡೆದು ಅಲ್ಲಿ ಹದಿನೈದು ದಿನ ಪಳಗಿದವರ ಜೊತೆ ನಿಂತು ಕಲಿಯಲಿ. ಊಟ, ವಸತಿ ಮಠದ ದಾಸೋಹ. ಅನ್ನದಾಸೋಹ ನಮಗೆ ಹೊಸದಲ್ಲ. ಇದು ಅರಿವಿನ ದಾಸೋಹ.

ಎರಡು, ತಿಂಗಳಿಗೊಮ್ಮೆ ಅರ್ಧ ದಿನ ಸುತ್ತಲಿನ ಹತ್ತು ಹದಿನೈದು ಅಂಗನವಾಡಿಗಳವರು ಇಲ್ಲಿ ಸೇರಲಿ. ಭಾಷಣ ಬೇಡ. ಒಬ್ಬರು ಹೊಸ ಹಾಡು ಕಲಿಸಲಿ, ಇನ್ನೊಬ್ಬರು ತಾವು ಮಾಡಿದ ಆಟಿಕೆ ತೋರಿಸಲಿ, ಮತ್ತೊಬ್ಬರು ತಮಗೆ ತಿಳಿಯದ ಒಂದು ಮಗುವಿನ ವಿಷಯ ಎಲ್ಲರ ಮುಂದಿಡಲಿ. ಕಲ್ಯಾಣದ ಅನುಭವ ಮಂಟಪದಲ್ಲಿ ನಡೆದದ್ದೂ ಇದೇ ಬಗೆಯದು, ದುಡಿಯುವವರು ತಮ್ಮ ಅನುಭವವನ್ನು ಒಬ್ಬರಿಗೊಬ್ಬರು ಒಪ್ಪಿಸಿದ್ದು.

ಮೂರು, ಇದು ಸ್ವಲ್ಪ ಕಹಿ. ನಮ್ಮದೇ ಸಂಸ್ಥೆಗಳು ನಡೆಸುವ ನರ್ಸರಿಗಳಲ್ಲಿ ತರಬೇತಿ ಇಲ್ಲದವರನ್ನು ನೇಮಿಸುವುದು ನಿಲ್ಲಲಿ. ಮೂರು ವರ್ಷದ ಮಗುವಿಗೆ ಸಂದರ್ಶನ, ನಾಲ್ಕು ಪುಟ ಹೋಂವರ್ಕ್ ನಿಲ್ಲಲಿ. "ಬರೆಸದಿದ್ದರೆ ಪೋಷಕರು ಬಿಡಿಸಿಕೊಂಡು ಹೋಗುತ್ತಾರೆ" ಎನ್ನುತ್ತಾರೆ. ಹೌದು, ನಾನೂ ಅಂಥ ಪೋಷಕನೇ ಆಗಿದ್ದೆ. ಮಣ್ಣಿನಲ್ಲಿ ಆಡುವ ಬೆರಳೇ ನಾಳೆ ಪೆನ್ಸಿಲ್ ಹಿಡಿಯುವ ಬೆರಳು ಎಂದು ನನಗೆ ಯಾರಾದರೂ ಹೇಳಿದ್ದರೆ ಕೇಳುತ್ತಿದ್ದೆನೋ ಏನೋ. ಈ ವೇದಿಕೆಯಿಂದ ಹೇಳಿದರೆ ಜನ ಕೇಳುತ್ತಾರೆ.

ನಾಲ್ಕು, ನನ್ನಂಥ ನಿವೃತ್ತರಿಗೆ. ನಮ್ಮ ಊರಿನ ಅಂಗನವಾಡಿಯ ತಕ್ಕಡಿ ಸರಿ ಇದೆಯೇ, ಕಿಟಕಿ ಮಕ್ಕಳ ಕಣ್ಣಿಗೆ ನಿಲುಕುತ್ತದೆಯೇ, ಶೌಚಾಲಯಕ್ಕೆ ನೀರಿದೆಯೇ ಎಂದು ನೋಡೋಣ. ಬಾಲವಿಕಾಸ ಸಮಿತಿ ಎಂಬುದು ಪ್ರತಿ ಅಂಗನವಾಡಿಗೂ ಇದೆ, ಸಭೆಗೆ ಹೋಗೋಣ. ಲೆಕ್ಕ ಕೇಳಲು ಅಲ್ಲ, "ನಿಮಗೇನು ಬೇಕು?" ಎಂದು ಕೇಳಲು.

ಕೊನೆಯದಾಗಿ, ನಮ್ಮ ಪಕ್ಕದ ಸೂಳೆಕೆರೆಯ ಮಾತು. ಸಂಘಟಕರು ಕೆರೆಯ ಬಗ್ಗೆ ಮಾತಾಡಿ ಎಂದಿದ್ದರಲ್ಲ, ಅವರಿಗೂ ನಿರಾಸೆ ಆಗಬಾರದು. ನೂರಾರು ವರ್ಷಗಳಿಂದ ಆ ಏರಿ ನಿಂತಿದೆ. ಅದರಿಂದ ಹೊರಡುವ ಎರಡು ನಾಲೆಗಳಿಗೆ ಸಿದ್ಧ, ಬಸವ ಎಂದು ಹೆಸರು. ಆದರೆ ಕೆರೆ ತುಂಬಿದ ಮಾತ್ರಕ್ಕೆ ಗದ್ದೆ ನೆನೆಯುವುದಿಲ್ಲ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ಪೈರು ಬಾಡುತ್ತಿದೆ ಎಂದು ಬಲ್ಲ ನೀರುಗಂಟಿ ಬೇಕು. ಅವನು ಅದನ್ನು ಕಲಿತದ್ದು ಅಪ್ಪನ ಹಿಂದೆ ಬದುವಿನ ಮೇಲೆ ನಡೆದು. ಸರ್ಕಾರದ ಮೊಟ್ಟೆ, ಹಾಲು, ಪುಸ್ತಕ, ಕಟ್ಟಡ ಎಲ್ಲವೂ ತುಂಬಿದ ಕೆರೆ. ಅದನ್ನು ಒಂದೊಂದು ಮಗುವಿಗೂ ತಲುಪಿಸುವ ನೀರುಗಂಟಿಗಳು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮುಂದಿನ ಗೋಷ್ಠಿಗೆ ಅವರು ಮುಂದಿನ ಸಾಲಿನಲ್ಲಿ ಕೂರಲಿ.

ಆ ಹಳ್ಳಿಯ ಅಂಗನವಾಡಿಗೆ ಕಳೆದ ತಿಂಗಳು ಹೋಗಿದ್ದೆ. ಆ ಕಾರ್ಯಕರ್ತೆ ನಿವೃತ್ತರಾಗಿದ್ದಾರೆ. ಊರವರ ಅನುಮತಿ ಕೇಳಿ, ನನ್ನ ಖರ್ಚಿನಲ್ಲಿ ಒಂದು ಕಿಟಕಿ ಕೆಳಗಿಳಿಸಲು ಮೇಸ್ತ್ರಿಗೆ ಹೇಳಿ ಬಂದಿದ್ದೇನೆ. ನನ್ನ ತಪ್ಪು ತಿದ್ದಲು ಅಷ್ಟು ಸಾಕು. ಆ ತಾಯಿ ಕಲಿತ ವಿದ್ಯೆ ಮುಂದಿನವರಿಗೆ ದಾಟುವಂತೆ ನೋಡಿಕೊಳ್ಳುವುದು ಒಬ್ಬನಿಂದ ಆಗದು. ಅದಕ್ಕೆ ನಾವೆಲ್ಲ ಸೇರಬೇಕು.